ಹೆಲ್ಮೆಟ್ಟಿನ ಬಕಲ್ಲು

ಈಜು, ಸೈಕಲ್ಲು, ಓಟ ಮೂರೂ ಇರೋ ರೇಸು ಅದು! ಗೆದ್ರೆ ದೇಚಮ್ಮ ದೇಶದ ತಂಡಕ್ಕೆ! ಏಳು ದೇಶ ಸುತ್ತಿದ್ದ ಅವಳ ಸೈಕಲ್ಲಿಗೆ ಜಂಬ ಅಂದ್ರೆ ಜಂಬ. ಹ್ಯಾಂಡಲ್ ಮೇಲಿದ್ದ ಹೆಲ್ಮೆಟ್ಟಿನ ಪುಟಾಣಿ ಬಕಲ್ಲನ್ನ ನೋಡಿ, "ಏನಯ್ಯ ಗುಂಡಿ, ನೀನೂ ರೇಸಿಗೆ ಬಂದ್ಯಾ?" ಅಂತು.

"ಬಂದಿದ್ದೀನಿ ಸ್ವಾಮಿ. ನನ್ನನ್ನ ಬಿಗಿಯೋಕೆ ಮುಂಚೆ ನಿಮ್ಮನ್ನ ಮುಟ್ಟೋ ಹಾಗಿಲ್ಲ. ಇಲ್ಲಿನ ಕಾನೂನದು," ಅಂತು ಬಕಲ್ಲು.

ಅಷ್ಟರಲ್ಲಿ ಈಜು ಮುಗಿಸಿದ ದೇಚಮ್ಮ ನೀರು ಸುರಿಸ್ಕೊಂಡು ಓಡಿ ಬಂದ್ಲು, ಪಕ್ಕದಲ್ಲೇ ಎದುರಾಳಿ! ಹೆಲ್ಮೆಟ್ ತಲೆಗೇರ್ತು. ಆದ್ರೆ ಒದ್ದೆ ಬೆರಳು ಜಾರಿ ಬಕಲ್ಲು ಕೂರಲೇ ಇಲ್ಲ!

"ಬಿಡೇ ಅದನ್ನ! ಅವಳು ಹೊರಟೇಬಿಟ್ಲು!" ಸೈಕಲ್ಲು ಕಿರುಚ್ತು.

ಆದ್ರೆ ಬಕಲ್ಲು ಕೂಗ್ತು, "ಬಿಡಬೇಡ! ಇನ್ನೊಂದ್ಸಲ ಒತ್ತು!"

ದೇಚಮ್ಮ ಒತ್ತಿದ್ಲು. ಟಕ್!

ಅದೇ ಹೊತ್ತಿಗೆ ಸೀಟಿ ಕೇಳಿಸ್ತು. ಬಕಲ್ ಹಾಕದೆ ಸೈಕಲ್ ಹಿಡಿದಿದ್ದ ಎದುರಾಳೀನ ರೆಫರಿ ತಡೆದು ನಿಲ್ಲಿಸಿದ್ರು. ದೇಚಮ್ಮ ಗಾಳಿ ಥರ ಅವಳನ್ನ ದಾಟಿದ್ಲು.

ಮೊದಲ ತಿರುವಲ್ಲಿ ಸೈಕಲ್ಲು ಮೆಲ್ಲಗೆ ಕೇಳ್ತು, "ಅಣ್ಣಾ, ಗಟ್ಟಿಯಾಗಿದ್ದೀಯ ತಾನೇ?"

ಬಕಲ್ಲು ದೇಚಮ್ಮನ ಗದ್ದದಡಿ ರಾಜನ ಹಾಗೆ ಕೂತಿತ್ತು. "ನಾನಿದ್ದೀನಿ ಕಣೋ," ಅಂತು, "ನೀನು ಓಡು!"