ಬಿಟ್ಟಪಾಲಿನ ಬಂಡೆ

ಹಾಲಕೋಡಿಯ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಅಂಗಳದಷ್ಟು ಅಗಲವಾದ ಕರಿಬಂಡೆಯೊಂದಿದೆ. ಪೇಟೆಯಿಂದ ಬಂದವರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ‘ಬಿಟ್ಟಪಾಲು’ ಎಂದರೇನೆಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಾರೆ. ಕಾಯುವ ವ್ಯವಧಾನವಿದ್ದವರಿಗೆ ಈ ಐತಿಹ್ಯ.

ಹಿಂದೆ ಒಮ್ಮೆ, ಇನ್ನೂರೈವತ್ತು ವರ್ಷಗಳಾಚೆ, ಸೀಮೆಯ ದೊರೆ ಉಪ್ಪಿನ ಸುಂಕ ಏರಿಸಿದಾಗ ಕರಾವಳಿಯ ಊರುಗಳು ದಂಗೆಯೆದ್ದವು ಎನ್ನುತ್ತಾರೆ. ಸುಂಕದ ಕಟ್ಟೆಯಲ್ಲಿ ಎದುರು ಮಾತಾಡಿದ ಸೂರನೆಂಬ ಮೊಗವೀರ ಯುವಕನನ್ನು ದೊರೆಯ ದಳವಾಯಿ ಲಿಂಗಣ್ಣ ಊರವರ ಕಣ್ಣೆದುರೇ ಕಡಿದುಹಾಕಿದ. ಲಿಂಗಣ್ಣನನ್ನು ತನ್ನ ಕೈಯಾರೆ ಮುಗಿಸುವೆನೆಂದು ಸೂರನ ಅಣ್ಣ ಹೆರಿಯ ಆಣೆಯಿಟ್ಟ.

ದಂಗೆ ಅಡಗಿಸಲು ಲಿಂಗಣ್ಣನ ಯುದ್ಧದೋಣಿಗಳು ಒಂದು ಬೆಳಿಗ್ಗೆ ಅಳಿವೆಗೆ ನುಗ್ಗಿದವು. ಫಿರಂಗಿಯಿಲ್ಲದ ಊರವರು ತಮ್ಮ ಬಲೆಗಳನ್ನೆಲ್ಲ ಒಂದಕ್ಕೊಂದು ಹೊಲಿದು ನೀರಿಗೆ ಅಡ್ಡಲಾಗಿ ಬಿಟ್ಟಿದ್ದರು. ಹುಟ್ಟುಗಳು ಬಲೆಗೆ ಸಿಕ್ಕಿ ದೋಣಿಗಳು ಪರಸ್ಪರ ಬಡಿದು ಮಗುಚಿದವು. ಗಂಡಸರು ನೀರಿನ ಮೇಲೆ ಕಾದುತ್ತಿದ್ದರು. ಬಂಡೆಯ ಮೇಲೆ ನಿಂತು ಬಲೆ ಎಳೆದವರು ಹೆಂಗಸರು, ಅವರ ಮುಂದಾಳು ಹೆರಿಯನ ತಾಯಿ ಅಕ್ಕು. ಮುಳುಗುತ್ತಿದ್ದ ಲಿಂಗಣ್ಣ ಬಲೆಯ ಹಗ್ಗ ಹಿಡಿದು ಬಂಡೆ ಹತ್ತಿದ. ದೋಣಿಯಿಂದ ಜಿಗಿದು ಬಂದ ಹೆರಿಯ ಕತ್ತಿ ಎತ್ತಿದಾಗ ಅಕ್ಕು ನಡುವೆ ನಿಂತಳು.

“ಹಗ್ಗಕ್ಕೆ ಕೈ ಹಾಕಿದವ ಪಾಲಿನವ, ಮಗಾ. ಕೈ ಮಾಡುಕಾಗ.”

“ಅಬ್ಬಿ, ಅವ ಸೂರನ್ನ ಕೊಂದವ.”

“ನಂಗೊತ್ತಿಲ್ಯಾ? ಹೆತ್ತದ್ ನಾನ್.”

ಬಲೆಯ ಹಗ್ಗ ಹಿಡಿದವನು ಯಾರೇ ಇರಲಿ, ಅವನಿಗೆ ಮೀನಿನಲ್ಲಿ ಪಾಲುಂಟು. ಪಾಲಿನವನ ರಕ್ತ ಚೆಲ್ಲಿದರೆ ಆ ಬಲೆ ಮತ್ತೆ ಕಡಲಿಗಿಳಿಯಬಾರದು. ಇದು ಅವರ ಕಟ್ಟಳೆ. ಅಂದು ಊರಿನ ಅಷ್ಟೂ ಬಲೆಗಳು ಒಂದೇ ಬಲೆಯಾಗಿದ್ದವು. ಹೊಲಿಯುವಾಗ ಈ ಸಂಗತಿ ಯಾರಿಗೂ ಹೊಳೆದಿರಲಿಲ್ಲ, ಯುದ್ಧದ ಬಿಸಿಯೇ ಹಾಗೆ. ಒಬ್ಬನನ್ನು ಕೊಂದರೆ ಇಡೀ ಊರು ಉಪವಾಸ ಬೀಳಬೇಕಿತ್ತು.

ಹೆರಿಯ ಕತ್ತಿ ಇಳಿಸಿದ. ಬಲೆಯಲ್ಲಿ ಬಂದ ಮೀನನ್ನು ಅಕ್ಕು ಬಂಡೆಯ ಮೇಲೆ ಪಾಲು ಹಾಕಿ, ಮಗನನ್ನು ಕೊಂದವನ ಮುಂದೆಯೂ ಒಂದು ರಾಶಿಯಿಟ್ಟಳು. ಲಿಂಗಣ್ಣ ತಲೆ ತಗ್ಗಿಸಿ ಎತ್ತಿಕೊಂಡು ಹೋದ. ಆಮೇಲೆ ದೊರೆ ಸುಂಕ ಇಳಿಸಿದನೆಂಬ ಮಾತನ್ನು ಮಾತ್ರ ನಾನು ನಂಬುವುದಿಲ್ಲ.

“ಅವ ಉಂಬು ಮೀನ್ ನಂಗ್ ಬ್ಯಾಡ” ಎಂದ ಹೆರಿಯ ತನ್ನ ರಾಶಿಯನ್ನು ಅಲ್ಲೇ ಬಿಟ್ಟು ನಡೆದ. ಸಾಯುವವರೆಗೂ ಬಲೆ ಎಳೆದ, ಪಾಲು ಮುಟ್ಟಲಿಲ್ಲ. ಅಕ್ಕು ಮಾತ್ರ ಅವನ ಪಾಲು ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಅವಳ ಬಳಿಕ ಊರವರೂ ತಪ್ಪಿಸಿಲ್ಲ.

ಈಗಲೂ ಎಲ್ಲರೂ ತಮ್ಮತಮ್ಮ ಪಾಲು ಒಯ್ದ ಮೇಲೆ ಬಂಡೆಯ ಮೇಲೊಂದು ರಾಶಿ ಉಳಿದಿರುತ್ತದೆ. ಕಡಲಮ್ಮನಿಗೆ ಹರಕೆಯೆಂದು ತಿಳಿದು ನೋಡಬಂದವರು ಕೈಮುಗಿಯುತ್ತಾರೆ, ಊರವರು ತಿದ್ದಲು ಹೋಗುವುದಿಲ್ಲ. ತಾಯಿಯ ಮಾತು ಮೀರಲಾರದೆ, ಕ್ಷಮಿಸಲೂ ಆರದೆ ಹೋದ ಮಗನೊಬ್ಬನ ಊಟ ಅದು.