ಜಾಡಿಯೊಳಗಿನ ಪುದೀನ

ನನ್ನ ಅಕ್ಷರ ದುಂಡಗಿಲ್ಲ, ಹೆಚ್ಚು ಓದಿದವಳೂ ಅಲ್ಲ. ಮನಸ್ಸಿಗೆ ತೋಚಿದ ಕಥೆಯೊಂದನ್ನು ಅಂಜುತ್ತಲೇ ಬರೆದಿದ್ದೇನೆ. ಮಾತು ಒರಟಾದರೆ ಸೈರಿಸಬೇಕು.

ಗಾಳಿಯ ಗುಣವನ್ನು ಅರಿಯಬೇಕೆಂದು ಹೊರಟ ಪಂಡಿತನೊಬ್ಬನು ದೊಡ್ಡ ಗಾಜಿನ ಜಾಡಿಯೊಳಗೆ ಮೇಣದಬತ್ತಿಯನ್ನು ಹೊತ್ತಿಸಿ ಮುಚ್ಚಿದನು. ಅದು ತಾನಾಗಿಯೇ ಆರಿಹೋಯಿತು. ಬಳಿಕ ಜಾಡಿಯೊಳಗೆ ಬತ್ತಿಯ ಪಕ್ಕದಲ್ಲೇ ಪುದೀನ ಗಿಡವೊಂದನ್ನು ಇಟ್ಟು, ಜಾಡಿಯನ್ನು ಕೆಲವು ದಿನ ಬಿಸಿಲಿನಲ್ಲಿ ಬಿಟ್ಟನು. ಕೊನೆಗೆ ಒಂದು ಹೆಣ್ಣಿಲಿಯನ್ನು ಒಳಗೆ ಬಿಟ್ಟು, ಮುಚ್ಚಳವನ್ನು ಬಿಗಿದು, ಹೊರಗೆ ಕುಳಿತು ನೋಡತೊಡಗಿದನು.

ಇಲಿಗೆ ಬಹಳ ಹಸಿವಾಗಿತ್ತು. ಸುತ್ತಲೂ ಮೂಸಿದರೂ ಹಲ್ಲಿಗೆ ಸಿಕ್ಕಿದ್ದು ಪುದೀನವೊಂದೇ. ಅದು ಎಲೆಯೊಂದನ್ನು ಕಡಿಯುತ್ತಲೇ ಕರಿಹಿಡಿದ ಬತ್ತಿ ಪಿಸುಗುಟ್ಟಿತು: “ಬೇಡ ತಂಗಿ. ನೀನು ಉಸಿರಾಡುತ್ತಿರುವುದು ಆ ಗಿಡದ ದಯೆಯಿಂದ.”

“ಆಹಾ! ಸತ್ತವನಿಗೂ ನನ್ನ ಊಟದ ಮೇಲೆ ಕಣ್ಣೇ?” ಎಂದು ಇಲಿ ನಕ್ಕಿತು. “ಹಲ್ಲಿಗೆ ಸಿಗದ ವಸ್ತುವನ್ನು ನಾನು ನಂಬುವವಳಲ್ಲ. ಉಸಿರನ್ನು ಯಾರಾದರೂ ಕಚ್ಚಿ ನೋಡಿದ್ದಾರೆಯೇ?”

ಎಲೆಗಳು ಮುಗಿಯುತ್ತ ಬಂದವು. ಸ್ವಲ್ಪ ಹೊತ್ತಿನಲ್ಲಿ ಇಲಿಯ ಎದೆ ಬಿಗಿಯಿತು, ಕಾಲುಗಳು ತಣ್ಣಗಾದವು.

“ಅಣ್ಣಾ, ಯಾರೋ ಬಾಗಿಲು ಹಾಕಿಬಿಟ್ಟರು!”

“ನೀನು ಬಂದಾಗಿನಿಂದ ಇಲ್ಲಿ ಬಾಗಿಲು ಎಂದೂ ತೆರೆದಿರಲಿಲ್ಲ ತಂಗಿ. ಇದ್ದದ್ದು ಗಿಡವೊಂದೇ.”

ಗಾಜಿನಾಚೆ ಪಂಡಿತನ ಕಣ್ಣು ರೆಪ್ಪೆ ಮಿಟುಕಿಸದೆ ಹತ್ತಿರ ಬಂದಿತು. ಉಳಿದಿದ್ದ ಒಂದೇ ಎಲೆಗೆ ಇಲಿಯು ಬಾಯಿ ಮುಚ್ಚಿಕೊಂಡು ಮೂಗನ್ನು ಒತ್ತಿತು.

“ಇದೊಂದು ಸಾಕಾಗುತ್ತದೆಯೇ ಅಣ್ಣಾ?”

“ನಾನು ಆರುವಾಗ ಇದೊಂದೂ ಇರಲಿಲ್ಲ” ಎಂದಿತು ಬತ್ತಿ.

ಬರೆದುದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಮನ್ನಿಸಬೇಕು.