ಅಟ್ಟ ಸೇರಿದ ಉಕ್ಕಿನ ಗೇರ್

ಕಬ್ಬಿನ ಹಾಲಿನ ಗಾಡಿಯ ದ್ಯಾವಪ್ಪ ತನ್ನ ಯಂತ್ರಕ್ಕೆಂದು ಎರಡು ಗೇರ್ ತಂದ. ಒಂದು ಕಾದ ಉಕ್ಕನ್ನು ಬಡಿದು ಹಲ್ಲು ಕೊರೆದದ್ದು; ಕಲ್ಲು ಸಿಕ್ಕರೂ ಜಗ್ಗದು, ಬೆಲೆ ಮಾತ್ರ ಕೇಳುವ ಹಾಗಿಲ್ಲ. ಇನ್ನೊಂದು ಬೀಡುಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದದ್ದು. ಅಗ್ಗ, ಆದರೆ ಪೆಟ್ಟು ಬಿದ್ದರೆ ಹಲ್ಲು ಉದುರುತ್ತದೆ.

"ನಾನು ಸುತ್ತಿಗೆಯ ಏಟು ತಿಂದು ಗಟ್ಟಿಯಾದವನು. ಈ ಯಂತ್ರಕ್ಕೆ ತಕ್ಕವನು ನಾನೇ," ಎಂದು ಉಕ್ಕಿನ ಗೇರ್ ಬೀಗಿತು.

"ಹೌದಣ್ಣ," ಎಂದಿತು ಎರಕದ ಗೇರ್.

ದ್ಯಾವಪ್ಪ ಹೆಂಡತಿಯನ್ನು ಕರೆದ. "ಇಷ್ಟು ಬೆಲೆಬಾಳೋದನ್ನ ದಿನಾ ತಿರುಗಿಸಿ ಸವೆಸೋಕಾಗುತ್ತೇನೇ? ಒಳ್ಳೇ ಪಾತ್ರೆಗಳ ಜೊತೆ ಅಟ್ಟದ ಮೇಲಿಡು. ಯಂತ್ರಕ್ಕೆ ಎರಕದ್ದೇ ಸಾಕು."

ಅಟ್ಟದಲ್ಲಿ ಹಿತ್ತಾಳೆ ಕೊಪ್ಪರಿಗೆ ಸರಿದು ಜಾಗ ಕೊಟ್ಟಿತು. "ಬಾಪ್ಪ. ಇಲ್ಲಿ ಎಲ್ಲರೂ ಬೆಲೆಬಾಳುವವರೇ. ನಾನಂತೂ ಬಂದಾಗಿನಿಂದ ನೀರೇ ಕಂಡಿಲ್ಲ."

ಉಕ್ಕಿನ ಗೇರ್‌ಗೆ ಹೆಮ್ಮೆಯಿಂದ ಮೈಯುಬ್ಬಿತು. ಪ್ರತಿ ಆಯುಧಪೂಜೆಗೆ ಅದು ಕೆಳಗಿಳಿದು, ಕುಂಕುಮ ಹಚ್ಚಿಸಿಕೊಂಡು, ಮಂಗಳಾರತಿ ಮುಗಿದೊಡನೆ ಮತ್ತೆ ಮೇಲೇರುತ್ತಿತ್ತು. ಎರಕದ ಗೇರ್ ಮಾತ್ರ ಹಲ್ಲು ಉದುರಿದಾಗಲೆಲ್ಲ ಕುಲುಮೆಗೆ ಹೋಗಿ, ಕರಗಿ, ಹೊಸ ಹಲ್ಲಿನೊಂದಿಗೆ ಮತ್ತೆ ಹುಟ್ಟಿ ಬರುತ್ತಿತ್ತು.

ಒಂದು ವರ್ಷದ ಪೂಜೆಯಲ್ಲಿ ಎರಡೂ ಒಂದೇ ಮಣೆಯ ಮೇಲೆ ಕೂತವು.

"ನೋಡು, ಇಷ್ಟು ವರ್ಷದಲ್ಲಿ ನನ್ನ ಒಂದು ಹಲ್ಲೂ ಬಿದ್ದಿಲ್ಲ!" ಎಂದು ಉಕ್ಕಿನ ಗೇರ್ ನಕ್ಕಿತು. ನಕ್ಕ ರಭಸಕ್ಕೆ ಮಣೆಯ ತುಂಬ ತುಕ್ಕು ಉದುರಿತು.

ಮುಕ್ಕು ಹಲ್ಲಿನ ಎರಕದ ಗೇರ್ ಬಾಯಂಚಿನ ಕಬ್ಬಿನ ಹಾಲು ಒರೆಸಿಕೊಂಡು, ನಿಜವಾದ ಮರುಕದಿಂದ ಕೇಳಿತು: "ಕಬ್ಬು ಸಿಹಿ ಅಂತ ನಿನಗೆ ಯಾರಾದರೂ ಹೇಳಿದ್ದಾರಾ ಅಣ್ಣ?"